ಸಿದ್ದರಾಜು ರೈಲಿಗೆ ಗಂಟಲು ಕೊಟ್ಟದ್ದು

ಕೂಡಿಗೆ ಸರ್ಕಲ್ಲಿನಿಂದ ಹೆಬ್ಬಾಲೆ ಕಡೆಗೆ ಹೋಗುವ ರಸ್ತೆಯಲ್ಲಿ, ಗೊಬ್ಬರದ ಅಂಗಡಿಗೂ ಹಿಟ್ಟಿನ ಗಿರಣಿಗೂ ನಡುವೆ ಸಿಕ್ಕಿಕೊಂಡಂತೆ ಸಿದ್ದರಾಜುವಿನ ಮಳಿಗೆ ಇದೆ. ಬೋರ್ಡಿನ ಮೇಲೆ ‘ಶ್ರೀ ಕಾಮಾಕ್ಷಿ ಸೌಂಡ್ಸ್’ ಎಂದಿದೆ. ಅದರ ಕೆಳಗೆ ಈಚೆಗೆ ಮಗಳು ದಿವ್ಯಶ್ರೀ ಇನ್ನೊಂದು ಸಾಲು ಬರೆಸಿದ್ದಾಳೆ: ‘ಇಲ್ಲಿ ರೈಲುಗಳಿಗೆ ಸ್ಪೀಕರ್ ಕೂರಿಸಿಕೊಡಲಾಗುವುದು’. ರೈಲೇ ಇಲ್ಲದ ಕೊಡಗು ಜಿಲ್ಲೆಯಲ್ಲಿ ಈ ಬೋರ್ಡು ಓದಿದವರು ಒಂದೋ ನಕ್ಕು ಮುಂದೆ ಹೋಗುತ್ತಾರೆ, ಇಲ್ಲವೇ ಒಳಗೆ ಬಂದು, “ಯಾವಾಗ ಬರ್ತದಂತೆ?” ಎಂದು ಗಂಭೀರವಾಗಿ ವಿಚಾರಿಸುತ್ತಾರೆ.

ಸಿದ್ದರಾಜುವಿನ ತಂದೆ ಅರಕಲಗೂಡಿನ ಕಡೆಯಿಂದ ಬಂದು ತೊರೆನೂರಿನ ಹತ್ತಿರ ನೆಲೆಯೂರಿದವರು. ಮಗ ಗದ್ದೆ ನೋಡಿಕೊಳ್ಳಲಿ ಎಂಬ ಆಸೆ ಅವರಿಗೆ. ಮಗನೋ, ನೀರು ಕಟ್ಟಲು ಕಳಿಸಿದರೆ ಬದುವಿನ ಮೇಲೆ ಕೂತು ಟ್ರಾನ್ಸಿಸ್ಟರ್ ಬಿಚ್ಚಿಡುತ್ತಿದ್ದ; ನೀರು ಪಕ್ಕದವರ ಗದ್ದೆಗೆ ನುಗ್ಗಿ ಜಗಳವಾಗುತ್ತಿತ್ತು. ಕೊನೆಗೆ ತಂದೆಯೇ ಬೇಸತ್ತು, ಕುಶಾಲನಗರದಲ್ಲಿ ಮೈಕ್ ಸೆಟ್ ಇಟ್ಟಿದ್ದವರೊಬ್ಬರ ಹತ್ತಿರ ಕೆಲಸಕ್ಕೆ ಬಿಟ್ಟರು. ಅಲ್ಲಿಂದ ಸಿದ್ದರಾಜುವಿನ ಬದುಕು ಹಾರ್ನುಗಳ ನಡುವೆಯೇ ಸಾಗಿತು. ಮದುವೆ, ನಾಮಕರಣ, ಗಣಪತಿ ಕೂರಿಸುವುದು, ಶಾಲೆಯ ವಾರ್ಷಿಕೋತ್ಸವ, ಹಾಕಿ ಪಂದ್ಯ, ಯಾವುದಕ್ಕೂ ಅವನೇ ಬೇಕು. ಚುನಾವಣೆ ಬಂದರೆ ಜೀಪಿನ ನೆತ್ತಿಗೆ ಎರಡು ಹಾರ್ನ್ ಕಟ್ಟಿ, ಮೈಕು ಹಿಡಿದು ತಾನೇ ಕೂಗುತ್ತಿದ್ದ. ಹೀಗೆ ಎಲ್ಲ ಪಕ್ಷಗಳ ಪರವಾಗಿಯೂ ಅವನು ಕುಶಾಲನಗರಕ್ಕೆ ಎಷ್ಟೋ ಸಲ ರೈಲು ತರಿಸಿಕೊಟ್ಟಿದ್ದಾನೆ.

ಅಷ್ಟು ವರ್ಷ ಹಾರ್ನಿನ ಬಾಯಿಯೆದುರು ನಿಂತದ್ದಕ್ಕೆ ಮೊದಲು ಅವನ ಎಡಗಿವಿ ಕೈಕೊಟ್ಟಿತು, ಬಲಗಿವಿಯೂ ಅದರ ಹಿಂದೆಯೇ ಹೊರಟಿತು. ಆದರೆ ಸಿದ್ದರಾಜು ಒಪ್ಪಬೇಕಲ್ಲ! ಜನ ಈಗೀಗ ಬಾಯೊಳಗೇ ಮಾತಾಡುವುದನ್ನು ಕಲಿತಿದ್ದಾರೆ ಎಂಬುದು ಅವನ ವಾದ. ತಾನು ಮಾತ್ರ ಎಂದಿನಂತೆಯೇ ಮಾತಾಡುತ್ತಿದ್ದ. ಅಂದರೆ, ಗಿರಣಿ ಓಡುತ್ತಿದ್ದರೂ ಗೊಬ್ಬರದ ಅಂಗಡಿಯವರಿಗೆ ಸ್ಪಷ್ಟವಾಗಿ ಕೇಳುವ ಹಾಗೆ. ಹೆಂಡತಿ ಲಿಂಗಮ್ಮ ಬೇಳೆ ತನ್ನಿ ಎಂದರೆ ಬಾಳೆ ತರುತ್ತಿದ್ದ. ತಂದ ಬಾಳೆಹಣ್ಣನ್ನು ಆಕೆ ಏನು ಮಾಡಬೇಕು? ಗೊಣಗುತ್ತಾ ರಸಾಯನ ಮಾಡುತ್ತಿದ್ದಳು.

ಆಮೇಲೆ ಡಿಜೆ ಬಂತು. ಲಾರಿ ತುಂಬ ಕರಿ ಪೆಟ್ಟಿಗೆ, ಬಣ್ಣದ ಲೈಟು, ಎದೆಗೂಡು ಅದುರಿಸುವ ಸದ್ದು. ಸಿದ್ದರಾಜುವಿನ ಹಾರ್ನುಗಳು ಮಳಿಗೆಯ ಜಂತಿಗೆ ನೇತುಬಿದ್ದವು. ಒಂದರೊಳಗೆ ಕಣಜ ಗೂಡು ಕಟ್ಟಿತು. ಅವನು ಕೆಟ್ಟ ಮಿಕ್ಸಿ, ಮಾತು ಬಿದ್ದ ಮೊಬೈಲು ಬಿಚ್ಚಿಕೊಂಡು ಕೂತ.

ಹಾಗೆ ಕೂತಿದ್ದಾಗಲೇ ಒಂದು ಬೆಳಿಗ್ಗೆ ಕಕ್ಕಬೆಯ ಮೊಣ್ಣಪ್ಪನವರ ಜೀಪು ಬಂದು ನಿಂತದ್ದು. ಮೊಣ್ಣಪ್ಪ ಕಾಫಿ ಬೆಳೆಗಾರರು. ಅವರ ಮಗಳ ಮದುವೆಗೆ ಸಿದ್ದರಾಜುವೇ ಮೈಕ್ ಹಾಕಿದ್ದ. ಜೀಪಿನಿಂದ ಇಳಿದವರು ಶೂ ಡಬ್ಬಿಯೊಂದನ್ನು ಎಳೆಗೂಸಿನಂತೆ ಎರಡೂ ಕೈಯಲ್ಲಿ ಹಿಡಿದು ತಂದು ಮೇಜಿನ ಮೇಲಿಟ್ಟರು. ಹತ್ತಿ ಸರಿಸಿದರೆ ಒಳಗೆ ಗೇಣುದ್ದದ ಡೀಸೆಲ್ ರೈಲು ಇಂಜಿನ್. ಕಿಟಕಿ, ಮೆಟ್ಟಿಲು, ಕೈಹಿಡಿ, ಮೂತಿಯ ಮೇಲಿನ ನಂಬರು, ಎಲ್ಲ ಅಚ್ಚುಕಟ್ಟಾಗಿ ಇದ್ದವು.

“ಇವನಿಗೆ ಗಂಟಲು ಇಲ್ಲ, ಸಿದ್ದರಾಜು. ಸ್ವಲ್ಪ ನೋಡು ಮಾರಾಯ.”

“ಬಟ್ಟಲಾ? ಬಟ್ಟಲು ಪಾತ್ರೆ ಅಂಗ್ಡೀಲಿ ಸಿಕ್ತದೆ ಸಾಹುಕಾರ್ರೆ!”

“ಬಟ್ಟಲಲ್ಲ! ಗಂಟಲು! ಗಂ-ಟ-ಲು!” ಎಂದು ಮೊಣ್ಣಪ್ಪ ತಮ್ಮ ಕುತ್ತಿಗೆಯನ್ನೇ ಹಿಡಿದು ತೋರಿಸಿದರು. ಗಿರಣಿಯಲ್ಲಿದ್ದವರು ಯಾರೋ ಯಾರ ಕತ್ತನ್ನೋ ಹಿಸುಕುತ್ತಿದ್ದಾರೆಂದು ಬಗ್ಗಿ ನೋಡಿದರು.

ವಿಷಯ ಇಷ್ಟೇ. ಮೊಣ್ಣಪ್ಪನವರು ಮೈಸೂರಿನಲ್ಲಿ ಓದುವಾಗ ಹಾಸ್ಟೆಲು ಇದ್ದದ್ದು ಸ್ಟೇಷನ್ನಿನ ಬೆನ್ನಿಗೇ. ಪುಸ್ತಕಕ್ಕಿಂತ ಹೆಚ್ಚಾಗಿ ರೈಲು ನೋಡಿ ಬೆಳೆದವರು. ಓದು ಮುಗಿಸಿ ತೋಟಕ್ಕೆ ಮರಳಿದ ಮೇಲೆ ರೈಲು ಎಲ್ಲಿಂದ ಬರಬೇಕು? ಬಾರದ ರೈಲನ್ನು ಕಾದೂ ಕಾದೂ ಕೊನೆಗೆ ತಾವೇ ಕಾಫಿ ಸ್ಟೋರಿನ ಅಟ್ಟದ ಮೇಲೆ ಹಳಿ ಹಾಕಿಬಿಟ್ಟರು. ಪ್ಲೈವುಡ್ಡಿನ ಮೇಲೆ ಬೆಟ್ಟ, ಸುರಂಗ, ಸೇತುವೆ, ಸ್ಟೇಷನ್ನು ಎಲ್ಲ ಮಾಡಿದರು. ಇಂಜಿನ್ ಓಡುತ್ತದೆ, ದೀಪ ಉರಿಯುತ್ತದೆ, ಸದ್ದು ಮಾತ್ರ ಇಲ್ಲ. ಸದ್ದನ್ನು ತುಂಬಿಟ್ಟುಕೊಳ್ಳುವ ಉಗುರಗಲದ ಹಸಿರು ಎಲೆಕ್ಟ್ರಾನಿಕ್ ಚಿಪ್ಪೊಂದನ್ನೂ ಹುಣಸೆ ಬೀಜದಷ್ಟು ದೊಡ್ಡ ಸ್ಪೀಕರನ್ನೂ ತರಿಸಿದ್ದರು. ಅದನ್ನು ಇಂಜಿನ್ನಿನೊಳಗೆ ಕೂರಿಸುವ ಕೈ ಬೇಕಿತ್ತು.

ಸಿದ್ದರಾಜು ಆ ಸ್ಪೀಕರನ್ನು ಅಂಗೈಯಲ್ಲಿಟ್ಟುಕೊಂಡು ನೋಡಿದ. ಹೆಗಲ ಮೇಲೆ ಹಾರ್ನ್ ಹೊತ್ತು ತೆಂಗಿನಮರ ಹತ್ತಿದ ಮನುಷ್ಯ ಅವನು.

“ಇದೇನ್ ಸಾಹುಕಾರ್ರೆ, ಸ್ಪೀಕರೋ ಕಿವಿ ಓಲೆಯೋ?” ಎಂದ. ಆದರೆ ಮನಸ್ಸಿನಲ್ಲಿ ಆಗಲೇ ಜೊಲ್ಲು ಸುರಿಯುತ್ತಿತ್ತು. “ಬುಟ್ಟೋಗಿ. ಮಾಡ್ಕೊಡ್ತೀನಿ.”

ಮಾಡುವುದು ಅಷ್ಟು ಸುಲಭವಾಗಿರಲಿಲ್ಲ. ಮೊದಲ ಸಲ ತಂತಿ ಬೆಸೆದು, ಸ್ಪೀಕರನ್ನು ಬರಿಗೈಯಲ್ಲಿ ಹಿಡಿದು ಸದ್ದು ಬಿಟ್ಟಾಗ ಗಿರಣಿಯ ಸತೀಶ, “ಅಣ್ಣಾ, ಸೊಳ್ಳೆ!” ಎಂದು ಚಪ್ಪಾಳೆ ತಟ್ಟಿದ. ಸಿದ್ದರಾಜುವಿಗಂತೂ ಸೊಳ್ಳೆಯೂ ಕೇಳಿಸಲಿಲ್ಲ. ಆದರೆ ರೋಗ ಯಾವುದೆಂದು ಅವನಿಗೆ ಗೊತ್ತಿತ್ತು. ಸ್ಪೀಕರು ದೊಡ್ಡದಿರಲಿ ಚಿಕ್ಕದಿರಲಿ, ಹಿಂದೆ ಗಾಳಿ ಹಿಡಿದಿಡುವ ಪೆಟ್ಟಿಗೆ ಇಲ್ಲದಿದ್ದರೆ ಮುಂದಿನ ಸದ್ದನ್ನು ಹಿಂದಿನ ಸದ್ದೇ ತಿಂದುಹಾಕುತ್ತದೆ. ಪೆಟ್ಟಿಗೆ ಬೇಕು, ಎಲ್ಲೂ ಸಂದಿ ಇರಬಾರದು. ಹುಣಸೆ ಬೀಜಕ್ಕೆ ಪೆಟ್ಟಿಗೆ ಎಲ್ಲಿ ಹುಡುಕುವುದು?

ಅವತ್ತಿನಿಂದ ಮನೆಯಲ್ಲಿ ಸಣ್ಣಪುಟ್ಟ ವಸ್ತುಗಳು ಮಾಯವಾಗತೊಡಗಿದವು. ನೋವಿನ ಮುಲಾಮಿನ ಡಬ್ಬಿಯ ಮುಚ್ಚಳ ಹೋಯಿತು. ಟೂತ್‌ಪೇಸ್ಟಿನ ಮುಚ್ಚಳ ಹೋಯಿತು. ಕಣ್ಣಿಗೆ ಬಿಡುವ ಔಷಧಿಯ ಶೀಷೆಯ ತಲೆ ಹೋಯಿತು. ಲಿಂಗಮ್ಮ ಅವಕ್ಕೆಲ್ಲ ಕಾಗದ ತುರುಕಿ ಸುಧಾರಿಸಿಕೊಂಡಳು. ದೇವರ ಮುಂದಿನ ಪುಟ್ಟ ಕುಂಕುಮದ ಡಬ್ಬಿ ಕಾಣದಾದಾಗ ಮಾತ್ರ ಸೆರಗು ಸಿಕ್ಕಿಸಿಕೊಂಡು ನೇರ ಮಳಿಗೆಗೆ ಬಂದಳು.

“ಎಲ್ರೀ ನನ್ ಕುಂಕುಮದ ಡಬ್ಬಿ?”

“ಅದಾ? ರೈಲಿನ ಹೊಟ್ಟೆ ಒಳ್ಗೆ ಅದೆ ಕಣೇ!” ಸಿದ್ದರಾಜುವಿನ ಮುಖ ಹಬ್ಬದ ದಿನದಂತಿತ್ತು. “ಎಂಥಾ ಅಳತೆ ಅಂತೀಯ! ಮಾಡ್ಸಿ ಇಟ್ಟಂಗೆ ಕೂತ್ಕೊಂತು!”

ಕೂತದ್ದೇನೋ ನಿಜ. ಆದರೆ ಕೂರಿಸಲು ಅವನು ಇಂಜಿನ್ನಿನೊಳಗಿದ್ದ ಲೋಹದ ಗಟ್ಟಿಯೊಂದನ್ನು ಬೇಡದ ಕಸವೆಂದು ಕಿತ್ತುಹಾಕಿದ್ದ. ಕಕ್ಕಬೆಗೆ ಕೊಂಡುಹೋಗಿ ಓಡಿಸಿದಾಗ ಮೊಣ್ಣಪ್ಪನವರ ಘಾಟಿಯ ಅರ್ಧದಲ್ಲಿ ಇಂಜಿನ್ ನಿಂತಲ್ಲೇ ನಿಂತು, ಗಾಲಿ ಮಾತ್ರ ಗರಗರ ತಿರುಗಿದವು. ಹಿಂದಿನ ಬೋಗಿಗಳು ಎಳೆದದ್ದಕ್ಕೆ ಅದು ನಿಧಾನವಾಗಿ ಹಿಮ್ಮುಖವಾಗಿ ಸ್ಟೇಷನ್ನಿಗೆ ಜಾರಿತು.

“ಅದರ ಭಾರ ಎಲ್ಲಿ ಸಿದ್ದರಾಜು?”

“ಊರಲ್ಲೇ ಮರ್ತ್ ಬಂದೆ ಸಾಹುಕಾರ್ರೆ,” ಎಂದು ಅವನು ತಲೆ ಕೆರೆದುಕೊಂಡ.

ಗಟ್ಟಿಯನ್ನು ಮರಳಿ ಕೂರಿಸಿದ. ಕುಂಕುಮದ ಡಬ್ಬಿ ಲಿಂಗಮ್ಮನಿಗೆ ವಾಪಸಾಯಿತು. ವಾಸನೆ ಮಾತ್ರ ಬೆಸುಗೆಯ ಸೋಲ್ಡರಿನದು. ಇಂಜಿನ್ನಿನ ಅಡಿಯಲ್ಲಿ, ಗಾಲಿಗಳ ನಡುವೆ, ಡೀಸೆಲ್ ಟ್ಯಾಂಕಿನ ಆಕಾರದ ಟೊಳ್ಳು ಒಂದಿತ್ತು. ಅದನ್ನೇ ಪೆಟ್ಟಿಗೆ ಮಾಡಿದ. ಸ್ಪೀಕರನ್ನು ಕೆಳಮುಖವಾಗಿ ಕೂರಿಸಿ ಸುತ್ತಲೂ ಅಂಟು ಹಾಕಿದ. ಕಿವಿಯ ಮೇಲೆ ಭರವಸೆಯಿಲ್ಲದ್ದರಿಂದ ಪರೀಕ್ಷೆಗೆ ತನ್ನದೇ ಒಂದು ಉಪಾಯ ಕಂಡುಕೊಂಡಿದ್ದ: ಇಂಜಿನ್ನನ್ನು ಕೆಳತುಟಿಗೆ ಒತ್ತಿ ಹಿಡಿಯುವುದು. ತುಟಿ ಜುಮ್ಮೆಂದರೆ ಸದ್ದು ಬಂದಂತೆ. ಅಂಗಡಿಗೆ ಬಂದವರು ಅವನು ರೈಲಿಗೆ ಮುತ್ತು ಕೊಡುತ್ತಿದ್ದಾನೆಂದು ಊರೆಲ್ಲ ಹೇಳಿಕೊಂಡು ಬಂದರು.

ತುಟಿ ಜುಮ್ಮೆಂದಿತು. ಮೊಣ್ಣಪ್ಪನವರು ಬಂದು ಕೇಳಿದರು. ಕೇಳಿ ಮುಖ ಸಪ್ಪಗೆ ಮಾಡಿದರು. ಚಿಪ್ಪಿನೊಳಗೆ ತುಂಬಿ ಬಂದಿದ್ದದ್ದು ಯಾವುದೋ ಹೊರದೇಶದ ಇಂಜಿನ್ನಿನ ಸದ್ದು. ಹೊರಡುವಾಗ ಢಣ್ ಢಣ್ ಎಂದು ಗಂಟೆ ಬಾರಿಸುತ್ತಿತ್ತು.

“ಇದು ಪೂಜೆಗೆ ಹೊರಟ ಹಾಗೆ ಉಂಟಲ್ಲ! ನನಗೆ ನಮ್ಮ ಘಾಟಿ ಏರುವ ಡೀಸೆಲ್ ಬೇಕು. ನಡಿ ಸಿದ್ದರಾಜು, ಹೋಗಿ ಹಿಡ್ಕೊಂಡು ಬರುವ.”

ಹಾಗೆ ಇಬ್ಬರೂ ಜೀಪಿನಲ್ಲಿ ಸೋಮವಾರಪೇಟೆ ದಾಟಿ ಸಕಲೇಶಪುರಕ್ಕೆ ಹೊರಟರು. ಊರಾಚೆ ರಸ್ತೆ ಹಳಿ ದಾಟುವ ಕಡೆ, ಬೇಲಿಯ ಈಚೆ ಮೊಣ್ಣಪ್ಪನವರು ಮಡಚುವ ಕುರ್ಚಿ ಹಾಕಿಕೊಂಡು ಕೂತರು. ಸಿದ್ದರಾಜು ಬಿದಿರು ಗಳುವಿನ ತುದಿಗೆ ಮೈಕ್ ಕಟ್ಟಿ, ಗಾಳಿಯ ಸದ್ದು ತಾಗದಂತೆ ಅದಕ್ಕೆ ಲಿಂಗಮ್ಮನ ಉಣ್ಣೆಯ ಕುಲಾವಿ ತೊಡಿಸಿ, ಬೇಲಿಯ ಮೇಲಿನಿಂದ ಚಾಚಿ ನಿಂತ. ಹಳಿಯ ಮೇಲೆ ಈಗ ಕರೆಂಟಿನ ತಂತಿ ಎಳೆದಿದ್ದಾರೆ. ಡೀಸೆಲ್ ಅಪರೂಪ. ಒಂದು ಕರೆಂಟ್ ಇಂಜಿನ್ ಬಂತು, ಹೋಯಿತು. ಮೊಣ್ಣಪ್ಪನವರು ಮನೆಗೆ ಬಂದ ಬೇಡದ ಸಂಬಂಧವನ್ನು ಸಾಗಹಾಕುವಂತೆ ಕೈಯಾಡಿಸಿದರು. ಇನ್ನೊಂದು ಬಂತು. ಅದೂ ಅಲ್ಲ. ತಂದಿದ್ದ ಕಡುಬು ಮುಗಿಯಿತು. ಮೊಣ್ಣಪ್ಪನವರಿಗೆ ಕುರ್ಚಿಯಲ್ಲೇ ತೂಕಡಿಕೆ ಹತ್ತಿತು.

ಆಗ ತಿರುವಿನಾಚೆ ಕರಿ ಹೊಗೆ ಕಂಡಿತು. ಸಿದ್ದರಾಜುವಿಗೆ ಮೊದಲು ಕೇಳಿಸಲಿಲ್ಲ, ಅಂಗಾಲಿನಲ್ಲಿ ಗೊತ್ತಾಯಿತು. ನೆಲ ಗುಡುಗುಡು ಎನ್ನುತ್ತಿತ್ತು. ಗೂಡ್ಸ್ ಗಾಡಿ ಎಳೆಯುತ್ತ ಡೀಸೆಲ್ ಇಂಜಿನ್ ಏದುಸಿರು ಬಿಡುತ್ತ ಏರಿ ಬಂತು. ಗೇಟಿನ ಹತ್ತಿರ ಬರುತ್ತಿದ್ದಂತೆ ಹಾರ್ನ್ ಹೊಡೆಯಿತು. ಎಷ್ಟೋ ದಿನಗಳ ಮೇಲೆ ಸಿದ್ದರಾಜುವಿನ ಕಿವಿಯ ಒಳಗೆ ಒಂದು ಸದ್ದು ನೇರವಾಗಿ ಹೊಕ್ಕಿತು. ಅವನ ಮೈಯ ಕೂದಲೆಲ್ಲ ನೆಟ್ಟಗಾದವು. ಗಾಡಿಯ ಕೊನೆಯ ಡಬ್ಬಿ ಮರೆಯಾಗುವವರೆಗೂ ಗಳು ಹಿಡಿದ ಕೈ ಅಲುಗಲಿಲ್ಲ. ಕಣ್ಣಲ್ಲಿ ನೀರಿತ್ತು. ಹೊಗೆಗೆ ಎಂದು ಹೇಳಿದ.

ಮನೆಗೆ ಬಂದು ರೆಕಾರ್ಡನ್ನು ಮಗಳ ಕೈಗಿತ್ತ. ದಿವ್ಯಶ್ರೀ ಕುಶಾಲನಗರದ ಸೊಸೈಟಿಯಲ್ಲಿ ಕಂಪ್ಯೂಟರ್ ಕೆಲಸ ಮಾಡುವವಳು. ಸದ್ದನ್ನು ಲ್ಯಾಪ್‌ಟಾಪಿನಿಂದ ಚಿಪ್ಪಿಗೆ ಇಳಿಸುವುದು ಅವಳ ಪಾಲಿನ ಕೆಲಸ. ಇಯರ್‌ಫೋನ್ ಹಾಕಿಕೊಂಡು ಕೇಳುತ್ತ ಕೇಳುತ್ತ ಅವಳು ಬಾಯಿಗೆ ದುಪಟ್ಟಾ ಅಡ್ಡ ಹಿಡಿದಳು.

“ಅಪ್ಪಾ, ಇದ್ರೊಳಗೆ ನೀನಿದ್ದೀಯ!”

“ಏನು ಇದ್ದೀನಿ? ಹಾರ್ನ್ ಅದೆ.”

“ಹಾರ್ನ್ ಜೊತೆಗೆ ನೀನೂ ಇದ್ದೀಯ. ‘ಬಂತು ಬಂತು! ಸಾಹುಕಾರ್ರೆ, ಬಂತು!’ ಅಂತ ಕಿರುಚಿದ್ದೀಯ. ಹಾರ್ನಿನ ಮೇಲೆಯೇ ಬಿದ್ದಿದೆ, ತೆಗ್ಯಕ್ಕೆ ಆಗ್ತಾ ಇಲ್ಲ.”

ಸಿದ್ದರಾಜು ಇಯರ್‌ಫೋನ್ ಕಿತ್ತುಕೊಂಡು ತಾನೂ ಕೇಳಿದ. ಅವನಿಗೆ ಗುಡುಗುಡು ಕೇಳಿತು, ಹಾರ್ನ್ ಕೇಳಿತು. ತಾನು ಮಾತ್ರ ಕೇಳಿಸಲಿಲ್ಲ. ಬಾಯಿ ಬಿಟ್ಟ ನೆನಪೂ ಅವನಿಗಿರಲಿಲ್ಲ. ಮಗಳು ಕೀಟಲೆ ಮಾಡುತ್ತಿದ್ದಾಳೆಂದು, “ಸುಮ್ನೆ ತುಂಬೇ ತಾಯಿ,” ಎಂದುಬಿಟ್ಟ. ಅವಳೂ ಅಪ್ಪನ ಮಗಳೇ ತಾನೇ. ಸುಮ್ಮನೆ ತುಂಬಿದಳು.

ಇಂಜಿನ್ ತಲುಪಿಸಿದ ದಿನ ಕಕ್ಕಬೆಯಲ್ಲಿ ಕಾಫಿ ಕೊಯ್ಲಿನ ಗಡಿಬಿಡಿ. ಸ್ಟೋರಿನ ಅಟ್ಟದ ಕಿಟಕಿಯ ಕೆಳಗೇ ಕಣ. ಕಣದ ತುಂಬ ಕಾಫಿ ಹರಡಿ ಯಮುನಾ ಮತ್ತು ತೋಟದ ಕೂಲಿ ಲೈನಿನ ಇತರ ಹೆಂಗಸರು ಮರದ ಹಲ್ಲಿನ ಹಲುಬೆಯಲ್ಲಿ ಎಳೆಯುತ್ತಿದ್ದರು. ಒಣಗಿದ್ದನ್ನು ಒಯ್ಯಲು ಗೋಣಿಕೊಪ್ಪಲಿನಿಂದ ಲಾರಿ ಬರಬೇಕಿತ್ತು. ತೋಟದ ಲೆಕ್ಕ ಬರೆಯುವ ರೈಟರ್ ಆನಂದ್ ದಾರಿ ನೋಡುತ್ತಾ ಅತ್ತಿಂದಿತ್ತ ಓಡಾಡುತ್ತಿದ್ದ. ಮೇಲೆ ಸಿದ್ದರಾಜು ಇಂಜಿನ್ನನ್ನು ಹಳಿಯ ಮೇಲಿಟ್ಟು, ತನ್ನ ಕಿವಿಗೆ ಹಿತವಾಗುವವರೆಗೂ ಸದ್ದು ಏರಿಸಿದ. ಏರಿಸಿದ್ದು ಸಾಲದೆಂದು ಇನ್ನೂ ಏರಿಸಿದ. ಹುಣಸೆ ಬೀಜದ ಸ್ಪೀಕರಿಗೆ ಅಷ್ಟು ಗಂಟಲು ಎಲ್ಲಿಯದು ಎಂದರೆ, ಮೊಣ್ಣಪ್ಪನವರ ಪ್ಲೈವುಡ್ ಬೆಟ್ಟದ ಅಡಿಯೆಲ್ಲ ಟೊಳ್ಳು, ಅದರ ಕೆಳಗೆ ಮರದ ಅಟ್ಟ. ಇಡೀ ಅಟ್ಟವೇ ಒಂದು ಡೋಲಾಗಿ ಕೂತಿತ್ತು.

“ಬಿಡು!” ಎಂದರು ಮೊಣ್ಣಪ್ಪ.

ಇಂಜಿನ್ ಗುಡುಗುಟ್ಟುತ್ತ ಹೊರಟಿತು. ಮೊಣ್ಣಪ್ಪನವರ ಹುಬ್ಬು ಮೇಲೇರಿತು, ಮುಖ ಅರಳಿತು. ಸುರಂಗದ ಬಾಯಿಗೆ ಬಂದಾಗ ಹಾರ್ನಿನ ಗುಂಡಿ ಒತ್ತಿದರು.

ಪೋಂ... ಬಂತು ಬಂತು! ಸಾಹುಕಾರ್ರೆ, ಬಂತು!

ಕೆಳಗೆ ಯಮುನಾ ಹಲುಬೆ ಬಿಸಾಕಿ, “ಲಾರಿ ಬಂತು, ಸರೀರಿ ಸರೀರಿ!” ಎಂದಳು. ಹೆಂಗಸರೆಲ್ಲ ಒಣಗಲು ಹಾಕಿದ್ದ ಕಾಫಿಯನ್ನು ಟಾರ್ಪಾಲಿನ ಸಮೇತ ಬದಿಗೆಳೆದು ದಾರಿ ಬಿಟ್ಟರು. ಆನಂದ್ ಗೇಟಿಗೆ ಓಡಿದ. ಮನೆಯೊಳಗಿಂದ ಮೊಣ್ಣಪ್ಪನವರ ತಾಯಿ ಬೊಳ್ಳಮ್ಮ ಊರುಗೋಲು ಹಿಡಿದು ಜಗಲಿಗೆ ಬಂದರು. ಯಾರೋ ನೆಂಟರು ವಾಹನ ಮಾಡಿಕೊಂಡು ಬಂದಿದ್ದಾರೆಂದು ಅವರ ಎಣಿಕೆ. ಹಿಂದಕ್ಕೆ ತಿರುಗಿ, ಅಡುಗೆಮನೆಯ ಕಡೆಗೆ ಕೊಡವ ತಕ್ಕ್ ಭಾಷೆಯಲ್ಲಿ ಅಕ್ಕಿ ಹೆಚ್ಚು ಹಾಕುವಂತೆ ಕೂಗಿ ಹೇಳಿದರು.

ಅಟ್ಟದ ಕಿಟಕಿಯಿಂದ ಸಿದ್ದರಾಜು ಕೆಳಗೆ ನೋಡಿದ. ಯಾರ ಮಾತೂ ಕೇಳಿಸುತ್ತಿರಲಿಲ್ಲ. ಆದರೆ ಎಲ್ಲರ ತುಟಿಗಳೂ ಒಂದೇ ಆಕಾರಕ್ಕೆ ಕೂಡಿ ಬಿಡುತ್ತಿದ್ದವು: ಬಂತು, ಬಂತು. ಮಗಳು ಹೇಳಿದ್ದು ಆಗ ಅವನ ತಲೆಗೆ ಹೊಳೆಯಿತು. ಮುಖ ಮೆಣಸಿನಕಾಯಿಯಂತೆ ಕೆಂಪಾಯಿತು. ಮೊಣ್ಣಪ್ಪನವರ ಕಡೆ ತಿರುಗಲೂ ಧೈರ್ಯ ಸಾಲದೆ, ಇಂಜಿನ್ನನ್ನು ಎತ್ತಿ ಜೇಬಿಗೆ ಹಾಕಿಕೊಂಡು ಹೊರಟುಬಿಡೋಣ ಎನಿಸಿತು.

“ತಪ್ಪಾಯ್ತು ಸಾಹುಕಾರ್ರೆ. ಇನ್ನೊಂದ್ ಸಲ ಹೋಗಿ ಹಿಡ್ಕೊಂಬರ್ತೀನಿ. ಬಾಯಿಗೆ ಬಟ್ಟೆ ಕಟ್ಕೊಂಡು ನಿಂತ್ಕೋತೀನಿ.”

ಮೊಣ್ಣಪ್ಪನವರ ಹೊಟ್ಟೆ ಕುಲುಕುತ್ತಿತ್ತು. ಆಮೇಲೆ ಭುಜ ಕುಲುಕಿತು. ಕೊನೆಗೆ ಸ್ಟೇಷನ್ನಿನ ಮೇಲೆಯೇ ಕೈಯೂರಿ, ಪ್ಲಾಟ್‌ಫಾರಂ ಮುರಿಯುವಂತೆ ನಕ್ಕರು.

“ಅದು ಇರಲಿ! ಕೊಡಗಿಗೆ ರೈಲು ಬಂದರೆ ಯಾರಾದರೂ ಕೂಗಬೇಕಲ್ಲವಾ? ನೀನೇ ಕೂಗು ಮಾರಾಯ!” ಎಂದು ಇನ್ನೊಮ್ಮೆ ಗುಂಡಿ ಒತ್ತಿದರು. ಕೆಳಗೆ ಆನಂದ್ ಗೇಟಿನಿಂದ ಮತ್ತೆ ಓಡಿ ಬಂದ.

ಹೆಚ್ಚು ಅಕ್ಕಿ ಹಾಕಿ ಆಗಿಹೋಗಿತ್ತಲ್ಲ, ಹಾಗಾಗಿ ಸಿದ್ದರಾಜು ಅಲ್ಲೇ ಉಂಡ. ಕೈತೊಳೆದ ಮೇಲೆ ಬೊಳ್ಳಮ್ಮನವರನ್ನು ಇಬ್ಬರು ಹಿಡಿದು ಅಟ್ಟಕ್ಕೆ ಹತ್ತಿಸಿದರು. ಅವರು ರೈಲನ್ನು ಬಹಳ ಹೊತ್ತು ನೋಡಿ, ಇದರೊಳಗೆ ಕೂಗುವವನು ಯಾರು ಎಂದು ಕೇಳಿದರು. ಮಗ ಸಿದ್ದರಾಜುವನ್ನು ತೋರಿಸಿದಾಗ ಅವನನ್ನೂ ಅಷ್ಟೇ ಹೊತ್ತು ನೋಡಿ, ಇವನು ಹೊರಗೂ ಇದ್ದಾನಲ್ಲ ಎಂದರು.

ಇಷ್ಟಾದ ಮೇಲೆ ದಿವ್ಯಶ್ರೀ ಬಿಡಲಿಲ್ಲ. ಅಪ್ಪನನ್ನು ಮೈಸೂರಿಗೆ ಕರೆದೊಯ್ದು ಕಿವಿ ತೋರಿಸಿದಳು. ಪರೀಕ್ಷೆ ಮಾಡಿದ ವೀಣಾ ಮೇಡಂ ಶ್ರವಣ ಸಾಧನ ಹಾಕಲು ಬಂದಾಗ ಸಿದ್ದರಾಜು ಅದನ್ನು ಮೊದಲು ತನ್ನ ಕೈಗೆ ಇಸಿದುಕೊಂಡು ತಿರುಗಿಸಿ ತಿರುಗಿಸಿ ನೋಡಿದ. “ಮೇಡಂ, ಇದ್ರೊಳಗಿನ ಸ್ಪೀಕರು ಬಿಡಿಯಾಗಿ ಸಿಕ್ತದಾ? ಇಂಜಿನ್ನಿಗೆ ಬೇಕಿತ್ತು,” ಎಂದ. ವೀಣಾ ಮೇಡಂ ದಿವ್ಯಶ್ರೀಯ ಮುಖ ನೋಡಿದರು. “ಅವ್ರು ಹಂಗೇ ಮೇಡಂ, ನೀವು ಹಾಕಿ,” ಎಂದಳು ಅವಳು.

ಮನೆಗೆ ಬಂದು ಚಪ್ಪಲಿ ಬಿಡುತ್ತಿದ್ದಾಗ ಅವನಿಗೆ ಅಡುಗೆಮನೆಯಿಂದ ಸಣ್ಣಗೆ ಒಂದು ಮಾತಿನ ಧಾರೆ ಕೇಳಿಸಿತು. “...ಬಂದ್ರು ಮಾರಾಜ್ರು. ಇನ್ನು ಕಾಫಿ ಆಗ್ಬೇಕು. ಕಾಫಿ ಕೊಟ್ರೆ ಲೋಟದ ಮುಚ್ಚಳ ಸಿಕ್ತದಾ ಅಂತ ನೋಡ್ತಾರೆ...” ಸಿದ್ದರಾಜು ಬಾಗಿಲಲ್ಲೇ ನಿಂತು ಪೂರ್ತಿ ಕೇಳಿದ. ಲಿಂಗಮ್ಮ ವರ್ಷಗಟ್ಟಲೆ ಹೀಗೆ ನಿರಾತಂಕವಾಗಿ ಗೊಣಗಿಕೊಂಡು ಬಂದಿದ್ದಳು. ಒಗ್ಗರಣೆಯಂತೆ ಅದೂ ಅಡುಗೆಯ ಒಂದು ಭಾಗವಾಗಿತ್ತು.

“ನಿನ್ ಬಾಯಲ್ಲಿ ಇಷ್ಟೊಂದು ಸ್ಟಾಕ್ ಅದೆ ಅಂತ ಗೊತ್ತೇ ಇರ್ಲಿಲ್ಲ ಕಣೇ,” ಎಂದ.

ಲಿಂಗಮ್ಮ ಸೌಟು ಹಿಡಿದುಕೊಂಡು ಹಾಗೇ ನಿಂತಳು. ಈಗ ಆಕೆ ಗೊಣಗಬೇಕಾದರೆ ಹಿತ್ತಿಲಿಗೆ ಹೋಗಿ ಕರಿಬೇವಿನ ಗಿಡದ ಹತ್ತಿರ ಗೊಣಗಿ ಬರುತ್ತಾಳೆ.

ಮೊಣ್ಣಪ್ಪನವರು ತಮ್ಮ ರೈಲಿನ ವಿಡಿಯೊ ಯಾವುದೋ ವಾಟ್ಸಾಪ್ ಗುಂಪಿಗೆ ಹಾಕಿದರು. ನೋಡಿದರೆ, ಮೊಣ್ಣಪ್ಪನವರಂಥ ಮರುಳರು ನಾಡಿನ ತುಂಬ ಇದ್ದಾರೆ. ಹುಣಸೂರಿನ ದಂತವೈದ್ಯರೊಬ್ಬರು, ಪುತ್ತೂರಿನ ಬ್ಯಾಂಕಿನವರು, ತುಮಕೂರಿನ ಒಬ್ಬ ಬಾಣಸಿಗ. ಹೀಗೆ ಒಬ್ಬೊಬ್ಬರಾಗಿ ತಮ್ಮ ಮೂಕ ಇಂಜಿನ್ನುಗಳನ್ನು ಕೊರಿಯರ್ ಮಾಡತೊಡಗಿದರು. ಉಗಿಬಂಡಿಯಾದರೆ ಹಿಂದಿನ ಕಲ್ಲಿದ್ದಲಿನ ಡಬ್ಬಿಯಲ್ಲಿ ಜಾಗ ಧಾರಾಳ. ಕಲ್ಲಿದ್ದಲಿನ ಕೆಳಗೇ ಸಣ್ಣ ತೂತು ಕೊರೆದು ಸದ್ದನ್ನು ಮೇಲಕ್ಕೆ ಬಿಡುತ್ತಾನೆ. ಸ್ಟೇಷನ್ನಿನೊಳಗೇ ಡಬ್ಬಿಗಳನ್ನು ಅತ್ತಿತ್ತ ತಳ್ಳುವ ಸಣ್ಣ ಶಂಟಿಂಗ್ ಇಂಜಿನ್ ಬಂದರೆ ಎರಡು ದಿನ ಸುಮ್ಮನೆ ಎದುರಿಗಿಟ್ಟುಕೊಂಡು ಕೂರುತ್ತಾನೆ. ಜಾಗ ಅದೇ ತೋರಿಸಬೇಕು. ದಂತವೈದ್ಯರು ಮಾತ್ರ ತಮ್ಮ ಇಂಜಿನ್ನಿನಲ್ಲಿ ಕೂಗು ಬೇಡವೆಂದು ಎರಡೆರಡು ಸಲ ಫೋನ್ ಮಾಡಿ ಹೇಳಿದರು.

ಇಷ್ಟೆಲ್ಲ ಆದರೂ ಸಿದ್ದರಾಜು ಮತ್ತು ಲಿಂಗಮ್ಮ ನಿಜವಾದ ರೈಲು ಹತ್ತಿದ್ದು ಕಳೆದ ವರ್ಷ ಮಾತ್ರ. ಸಕಲೇಶಪುರದಿಂದ ಸುಬ್ರಹ್ಮಣ್ಯಕ್ಕೆ, ಹಗಲಿನ ಗಾಡಿ. ಹತ್ತಿ ಕೂತ ಕೂಡಲೇ ಸಿದ್ದರಾಜು ಇಳಿದು ಮುಂದಕ್ಕೆ ನಡೆದ. ಇಂಜಿನ್ನಿನ ಕಿಟಕಿಯಲ್ಲಿ ಕೂತಿದ್ದ ಚಾಲಕನನ್ನು, “ಸಾರ್, ಹಾರ್ನು ಎಲ್ಲಿ ಕೂರ್ಸವ್ರೆ?” ಎಂದು ಕೇಳಿದ. ಚಾಲಕ ತಮಾಷೆಯ ಮನುಷ್ಯ. ನೆತ್ತಿಯ ಕಡೆ ಬೆರಳು ತೋರಿಸಿ, “ಯಾಕ್ರೀ, ನೀವು ರಿಪೇರಿ ಮಾಡ್ತೀರಾ?” ಎಂದ. ಸಿದ್ದರಾಜು ಕತ್ತು ಎತ್ತಿ ಹಾರ್ನಿನ ಬಾಯಿ ನೋಡಿ, ತನ್ನ ಹಳೆಯ ಹಾರ್ನುಗಳ ನೆಂಟನೇ ಎಂದು ಗುರುತು ಹಿಡಿದು, ಸಮಾಧಾನವಾಗಿ ವಾಪಸು ಬಂದ. ಅಷ್ಟರಲ್ಲಿ ಲಿಂಗಮ್ಮ ಕಿಟಕಿ ಪಕ್ಕದ ಜಾಗ ಹಿಡಿದು, ಪುಳಿಯೋಗರೆಯ ಡಬ್ಬಿ ತೆರೆದಿದ್ದಳು.

ಗಾಡಿ ಘಾಟಿಗಿಳಿಯಿತು. ಮೊದಲ ಸುರಂಗ ಹೊಕ್ಕಿತು. ಕತ್ತಲಾದ ಕೂಡಲೇ ಬೋಗಿಯಲ್ಲಿದ್ದ ಕಾಲೇಜು ಹುಡುಗಿಯರೆಲ್ಲ ಹೋ ಎಂದು ಕೂಗಿದರು. ಅವರೆಲ್ಲರ ದನಿಯನ್ನೂ ಮುಳುಗಿಸಿ ಒಂದು ಗಂಡುದನಿ, ಯಾವ ಮೈಕಿನ ಹಂಗೂ ಇಲ್ಲದೆ, ಸುರಂಗದ ಈ ತುದಿಯಿಂದ ಆ ತುದಿಯವರೆಗೆ ಹೋ ಎಂದಿತು. ಬೆಳಕು ಬಂದಾಗ ಎಲ್ಲರೂ ತಿರುಗಿ ಸಿದ್ದರಾಜುವನ್ನು ನೋಡುತ್ತಿದ್ದರು. ಲಿಂಗಮ್ಮ ಪುಳಿಯೋಗರೆ ಡಬ್ಬಿಯ ಸಮೇತ ಎದುರು ಸೀಟಿಗೆ ಸರಿದು, ಈ ಮನುಷ್ಯ ಯಾರೋ ತನಗೆ ಗೊತ್ತೇ ಇಲ್ಲ ಎಂಬಂತೆ ಕಾಡು ನೋಡುತ್ತ ಕೂತಿದ್ದಳು. ಮುಂದೆ ಇನ್ನೂ ತುಂಬ ಸುರಂಗಗಳಿದ್ದವು.